ಗೌರಿ ಹಬ್ಬದವರೆಗೆ ಸುಮ್ಮನಿದ್ದವರು

“ಅವರಿಗೆ ಮನುಷ್ಯರಿಗಿಂತ ಮಣ್ಣೇ ದೊಡ್ಡದಾಗಿತ್ತು.”

ಬಂಗಾರಪೇಟೆಯ ನಮ್ಮ ಭೂಸಂರಕ್ಷಣಾ ಕಚೇರಿಯ ಸಂತಾಪ ಸಭೆಯಲ್ಲಿ ಸಾಹೇಬರು ಹೀಗೆಂದಾಗ ಎಲ್ಲರೂ ತಲೆದೂಗಿದರು. ನಕ್ಷೆ ಬರೆಯುವವರು ತಲೆದೂಗಿದರು, ಜೀಪಿನ ಡ್ರೈವರ್ ತಲೆದೂಗಿದ. ಹಳ್ಳಿ ಹಳ್ಳಿ ತಿರುಗಿ ಬದು ಹಾಕಿಸುವ ಕೆಲಸದಿಂದ ನಿವೃತ್ತರಾಗಿ ವರ್ಷ ತುಂಬುವ ಮೊದಲೇ ಬಾಡಿಗೆ ಕೋಣೆಯಲ್ಲಿ ಒಬ್ಬರೇ ತೀರಿಕೊಂಡ ಆ ಮನುಷ್ಯನ ಎದುರು ಒಂದು ದಿನವೂ ಕೂತು ಕಾಫಿ ಕುಡಿಯದವರೂ ತಲೆದೂಗಿದರು. ಮಾತು ಅಷ್ಟು ಚೆನ್ನಾಗಿತ್ತು. ಮಾತು ತುಂಬ ಚೆನ್ನಾಗಿದ್ದರೆ ನನಗೆ ಅನುಮಾನ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಿತ್ತಾಡಿ ಕಲಿತದ್ದು ಇದೊಂದೇ: ಸಭೆ ತಲೆದೂಗಿದ ಮಾತ್ರಕ್ಕೆ ಹೇಳಿಕೆ ಸಾಬೀತಾಗುವುದಿಲ್ಲ.

ಅವರಿಗೆ ಮಣ್ಣು ದೊಡ್ಡದಾಗಿತ್ತು, ಒಪ್ಪಿದೆ. ಆದರೆ ಮಣ್ಣೋ ಮನುಷ್ಯನೋ ಎಂದು ಆರಿಸಲೇಬೇಕಾಗಿ ಬಂದ ಒಂದು ಮಳೆಗಾಲದಲ್ಲಿ ಅವರು ಮಣ್ಣನ್ನು ಬಿಟ್ಟುಕೊಟ್ಟರು. ಅದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅದಕ್ಕೆ ಅವರಿಗೆ ಸಿಕ್ಕ ಪ್ರತಿಫಲ ಏನೆಂಬುದನ್ನೂ ನೋಡಿದ್ದೇನೆ.

ಮೊದಲು ಸಣ್ಣಪುಟ್ಟ ಕಥೆಗಳನ್ನು ಗುಡಿಸಿ ಹಾಕುತ್ತೇನೆ. ಹೊಲದ ಅಂಚಿಗೆ ಬಂದೊಡನೆ ಅವರು ಚಪ್ಪಲಿ ಬಿಡುತ್ತಿದ್ದರಂತೆ, ಭೂಮಿತಾಯಿಯ ಮೇಲಿನ ಭಕ್ತಿಯಿಂದ. ಬಿಡುತ್ತಿದ್ದುದು ನಿಜ. ಕಾರಣ ಕೇಳಿದ್ದೆ. “ಪಾದದಲ್ಲಿ ಆಣಿ ಇದೆ ಕಣಮ್ಮ. ಉತ್ತ ಮಣ್ಣು ಮೆತ್ತಗಿರುತ್ತೆ” ಅಂದರು. ಅವರು ಮಣ್ಣು ತಿಂದು ಗುಣ ಹೇಳುತ್ತಿದ್ದರಂತೆ. ಒಮ್ಮೆ ಚಿಟಿಕೆ ಮಣ್ಣು ನಾಲಗೆಗೆ ಮುಟ್ಟಿಸಿದ್ದನ್ನು ನಾನೂ ನೋಡಿದೆ. ಮರುಕ್ಷಣ ಥೂ ಎಂದು ಉಗಿದು ಕರ್ಚೀಫಿನಲ್ಲಿ ನಾಲಗೆ ಒರೆಸಿಕೊಂಡರು. “ಚೌಳು ಇದೆಯಾ ಅಂತ ನೋಡ್ದೆ. ಇದನ್ನ ಯಾರಾದ್ರೂ ತಿಂತಾರಾ?”

ಮೂರನೆಯ ಕಥೆ ದೊಡ್ಡದು. ಬೇತಮಂಗಲದ ಜಲಾಶಯದ ಮೇಲ್ಗಡೆ ಇಳಿಜಾರಿನಲ್ಲಿರುವ ಒಂದು ಹಳ್ಳಿಯವರನ್ನು ಅವರು ಬೆಣ್ಣೆಯಂಥ ಮಾತಿನಲ್ಲಿ ಒಲಿಸಿ ಬದು ಹಾಕಿಸಿದರಂತೆ. ಇದು ಶುದ್ಧ ಸುಳ್ಳು. ಅವರಿಗೆ ಮಾತೇ ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಅಂದರೆ ಮೂಕರಲ್ಲ. ವಾಕ್ಯ ಶುರು ಮಾಡುತ್ತಿದ್ದರು, ಅರ್ಧಕ್ಕೆ ನಿಲ್ಲಿಸಿ, ಕೊಡೆಯ ತುದಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದು, “ಹೀಗೆ” ಅನ್ನುತ್ತಿದ್ದರು. ಆ “ಹೀಗೆ”ಯಲ್ಲಿ ಅವರ ಇಡೀ ಶಾಸ್ತ್ರವಿತ್ತು. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಬದು ಹಾಕಬೇಕು. ಮಳೆ ನೀರು ಅಲ್ಲಿ ತಡೆದು ಇಂಗಬೇಕು. ಇಲ್ಲವಾದರೆ ಹೊಲದ ಮೇಲ್ಮಣ್ಣೆಲ್ಲ ಕೊಚ್ಚಿಹೋಗಿ ಬೇತಮಂಗಲದ ನೀರಿನ ತಳ ಸೇರುತ್ತದೆ. ತೊಂದರೆ ಏನೆಂದರೆ ನೀರಿನ ಮಟ್ಟಕ್ಕೆ ಅಣ್ಣತಮ್ಮಂದಿರ ಪಾಲುಪಟ್ಟಿ ಗೊತ್ತಿಲ್ಲ. ಬದು ಅಣ್ಣನ ಹೊಲದ ಮಧ್ಯೆ ಹುಟ್ಟಿ ತಮ್ಮನ ಹೊಲದ ಮೂಲೆ ಕತ್ತರಿಸಿಕೊಂಡು ದಾಯಾದಿಯ ಹೊಲದೊಳಗೆ ನುಗ್ಗುತ್ತದೆ. ಯಾರು ಒಪ್ಪುತ್ತಾರೆ?

ನಾನು ಆ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದ್ದು ಅರವತ್ತರ ದಶಕದ ಮೊದಲಲ್ಲಿ. ಮನೆ ಉರಿಗಾಂ, ಅಪ್ಪ ಅಲ್ಲಿನ ಚಿನ್ನದ ಗಣಿಯಲ್ಲಿ ಟೈಮ್‌ಕೀಪರ್. ಬೆಳಗ್ಗೆ ರೈಲು ಹತ್ತಿ ಬಂಗಾರಪೇಟೆಗೆ ಬಂದರೆ ಸಂಜೆ ಅದೇ ರೈಲಿನಲ್ಲಿ ವಾಪಸ್ಸು. ಹಳ್ಳಿಯ ಹೆಂಗಸರ ಹತ್ತಿರ ಗೊಬ್ಬರದ ಗುಂಡಿಯ ವಿಷಯ ಮಾತಾಡಲು ಒಬ್ಬ ಹೆಂಗಸು ಬೇಕು ಎಂದು ಸಾಹೇಬರು ಹುಡುಕುತ್ತಿದ್ದಾಗ ಇವರು ನನ್ನ ಕಡೆ ಕೊಡೆ ತೋರಿಸಿದರು. “ನಾನಾ? ಬದುವಿನಿಂದ ಮಣ್ಣು ನಿಲ್ಲುತ್ತೆ ಅನ್ನೋದನ್ನೇ ನಾನು ನಂಬಲ್ಲ” ಅಂದೆ. “ಅದಕ್ಕೇ” ಅಂದರು.

ಹಾಗೆ ನಾನು ಅವರ ಹಿಂದೆ ಆ ಹಳ್ಳಿಗೆ ಹೋದೆ. ಮೊದಲ ದಿನವೇ ಅವರ ಮಾತಿನ ಬಂಡವಾಳ ಬಯಲಾಯಿತು. ಭಜನೆ ಮನೆಯ ಜಗುಲಿಯ ಮೇಲೆ ಎರಡು ಗಾಜಿನ ಲೋಟದಲ್ಲಿ ನೀರು ಇಟ್ಟರು. ಒಂದಕ್ಕೆ ಉತ್ತ ಹೊಲದ ಹೆಂಟೆ ಹಾಕಿದರು. ಇನ್ನೊಂದಕ್ಕೆ ಹೊಂಗೆ ಮರದ ಬುಡದ ಹೆಂಟೆ. ಮೊದಲನೆಯದು ಸಕ್ಕರೆಯಂತೆ ಕರಗಿ ನೀರು ಕೆಂಪಾಯಿತು. ಸೊಪ್ಪು ಕೊಳೆತು ಬೇರು ಹಿಡಿದ ಹೊಂಗೆ ಬುಡದ್ದು ಹಾಗೇ ಕೂತಿತ್ತು.

“ಬನ್ರಪ್ಪೋ, ಸಾಮಿ ಮಣ್ಣಿಗೆ ಎಣ್ಣೆಸ್ನಾನ ಮಾಡಿಸ್ತಾವ್ರೆ!” ಎಂದು ಕುರಿ ಕಾಯುವ ಬೀರಪ್ಪ ಕೂಗಿದ. ಎಲ್ಲರೂ ನಕ್ಕರು. ಅವರೂ ನಕ್ಕರು.

ದಾರಿಯಲ್ಲಿ ನಾನು ಬಿಡಲಿಲ್ಲ. “ಎರಡು ಲೋಟದಿಂದ ಏನು ಸಾಬೀತಾಯ್ತು, ಸಾರ್? ಒಂದು ಹೆಂಟೆ ಒಣಗಿತ್ತು, ಇನ್ನೊಂದು ಹಸಿ ಇರಬಹುದು.”

“ಏನೂ ಸಾಬೀತಾಗಲಿಲ್ಲ.”

“ಮತ್ತೆ?”

“ನೋಡಿದ್ರಲ್ಲ” ಅಂದರು. ಅಷ್ಟೇ. ಎದುರಾಳಿ ಹೀಗೆ ಶಸ್ತ್ರ ಕೆಳಗಿಟ್ಟು ಮುಂದೆ ನಡೆದುಬಿಟ್ಟರೆ ಗೆದ್ದವರಿಗೆ ಗೆದ್ದ ಖುಷಿಯೂ ಇಲ್ಲ.

ಬಂಗಾರಪೇಟೆಯಲ್ಲಿ ಅಕ್ಕಿ ಗಿರಣಿಯ ಹಿಂದೆ ಅವರ ಕೋಣೆ. ಹೆಂಡತಿ ಇದ್ದರೋ, ಇದ್ದು ಹೋದರೋ ಯಾರಿಗೂ ಗೊತ್ತಿರಲಿಲ್ಲ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಜಗುಲಿಯ ಕಲ್ಲಿನ ಮೇಲೆ ಆಡುಹುಲಿ ಆಟದ ಮನೆ ಗೀಚಿಕೊಂಡಿದ್ದರು. ಹುಣಸೆಬೀಜ ಆಡುಗಳು, ಹೊಂಗೆಕಾಯಿ ಹುಲಿಗಳು. ಎರಡೂ ಕಡೆ ಅವರೇ. ಒಂದು ನಡೆ ನಡೆಸಿ, ಎದ್ದು ಹೋಗಿ ಎದುರು ಕೂತು, ಗಲ್ಲಕ್ಕೆ ಕೈ ಕೊಟ್ಟು ಯೋಚಿಸಿ, ಇನ್ನೊಂದು ನಡೆಸುವುದು. “ಯಾರು ಗೆದ್ದರು?” ಎಂದು ಒಮ್ಮೆ ಕೇಳಿದೆ. “ಇವತ್ತು ಎದುರಿನವರು” ಅಂದರು.

ಸಂಜೆ ನನ್ನ ರೈಲಿನ ಹೊತ್ತಿಗೆ ಸ್ಟೇಷನ್ನಿಗೆ ಬರುತ್ತಿದ್ದರು. ನನ್ನನ್ನು ಕಳಿಸಿಕೊಡಲು ಅಲ್ಲ. ಕಲ್ಲುಬೆಂಚಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ ಗಣಿಯ ಕಡೆ ಹೋಗುವ ಜನರನ್ನು ನೋಡುವುದು ಅವರ ಒಂದೇ ಚಟ. ನಾನು ಕಿಟಕಿಯಿಂದ ಏನಾದರೂ ವಾದ ಮುಂದುವರಿಸುತ್ತಿದ್ದೆ. ದಿನಾ ನನ್ನ ಜೊತೆ ಪ್ರಯಾಣ ಮಾಡುತ್ತಿದ್ದ ಮಾರಿಕುಪ್ಪಂನ ಹೂವಿನ ಮುದುಕಿ, “ಎನ್ನಮ್ಮಾ, ಇನ್ನಿಕ್ಕೂ ಸಂಡೆಯಾ? ಪಾವಂ, ಉಟ್ಟುಡು ಅವರೈ” ಅನ್ನುತ್ತಿದ್ದಳು. ಇವತ್ತೂ ಜಗಳವಾ, ಪಾಪ, ಬಿಡು ಅವರನ್ನ ಎಂದು. ರೈಲು ಹೊರಟ ಮೇಲೂ ಅವರು ಅಲ್ಲೇ ಕೂತಿರುತ್ತಿದ್ದರು. ತಿರುಗಿ ನೋಡಿದಾಗಲೆಲ್ಲ ಆ ಬೆಂಚಿನಲ್ಲಿ ಇನ್ನೊಬ್ಬರು ಕೂತದ್ದನ್ನು ನಾನು ಕಂಡಿಲ್ಲ.

ಈಗ ಆ ಮಳೆಗಾಲದ ವಿಷಯಕ್ಕೆ ಬರುತ್ತೇನೆ.

ಆ ಬೇಸಗೆಯಲ್ಲಿ ಅವರು ಹಳ್ಳಿಯ ಇಳಿಜಾರಿನುದ್ದಕ್ಕೂ ಗೂಟ ಹೊಡೆದು ಕೆಂಪು ಬಟ್ಟೆಯ ಬಾವುಟ ಕಟ್ಟಿದರು. ಬದು ಹೋಗಬೇಕಾದ ಜಾಡು ಅದು. ಪ್ರತಿ ಹೊಲದಲ್ಲಿ ಒಂದು ಕುಳಿ ತೋಡಿ, ಮಣ್ಣನ್ನು ಪುಟ್ಟ ಬಟ್ಟೆಚೀಲಕ್ಕೆ ತುಂಬಿ, ಬಾಯಿ ಹೊಲಿದು, ಚೀಟಿ ಅಂಟಿಸಿ, ಪರೀಕ್ಷೆಗೆ ಬೆಂಗಳೂರಿಗೆ ಕಳಿಸಲು ಜಟಕಾದಲ್ಲಿ ಸ್ಟೇಷನ್ನಿಗೆ ಸಾಗಿಸಿದರು. ಊರವರು ಅವರಿಗೆ ಬಾವುಟದಯ್ಯ ಎಂದು ಹೆಸರಿಟ್ಟರು.

ಬೇರೆ ಯಾವ ಸೀಮೆಯಲ್ಲಾದರೂ ಇದನ್ನು ನೋಡಿದ ಜನ ಸರ್ಕಾರದ ಹುಚ್ಚು ಎಂದು ಸುಮ್ಮನಾಗುತ್ತಿದ್ದರು. ನಮ್ಮ ಕಡೆ ಹಾಗಲ್ಲ. ಗಣಿಯ ಆಸುಪಾಸಿನಲ್ಲಿ ಗೂಟ ಹೊಡೆದು, ಕುಳಿ ತೋಡಿ, ಮಣ್ಣಿಗೆ ಚೀಟಿ ಅಂಟಿಸಿಕೊಂಡು ಹೋಗುವವರು ಒಂದೇ ಜಾತಿಯವರು: ಬಂಗಾರ ಹುಡುಕುವವರು. ವಾರದೊಳಗೆ ಊರಿಗೆ ಊರೇ ತೀರ್ಮಾನಿಸಿತು: ನಮ್ಮ ಹೊಲದಲ್ಲಿ ಬಂಗಾರ ಇದೆ. ಗಣಿಗೆ ಇಳಿದು ನೋಡದವರಿಗೆ ಕಾಣುವುದು ಬಂಗಾರ ತೆಗೆದ ಮೇಲೆ ಹೊರಗೆ ಸುರಿದಿರುವ ಸೈನೈಡ್ ಮರಳಿನ ದಿಬ್ಬ ಮಾತ್ರ. ಹಾಗಾಗಿ ಮಣ್ಣು ತೊಳೆದರೆ ಬಂಗಾರ ಬರುತ್ತದೆ ಎಂಬುದು ಅವರ ಲೆಕ್ಕ. ಬದು ಯಾಕೆ? ಬಂಗಾರದ ಮಣ್ಣು ಮಳೆಗೆ ಕೊಚ್ಚಿಹೋಗದಿರಲಿ ಅಂತ! ಎಷ್ಟು ಸುಸಂಬದ್ಧವಾದ ವಾದ ನೋಡಿ. ಒಂದು ಕೊಂಡಿಯೂ ಸಡಿಲವಿಲ್ಲ, ಬುಡ ಒಂದು ಬಿಟ್ಟು.

ಹೀಗಾಗಿ ಅಣ್ಣತಮ್ಮಂದಿರು ತಕರಾರಿಲ್ಲದೆ ಬದು ಹಾಕಿದರು. ಗಂಡಸರು ಅಗೆದರು, ಹೆಂಗಸರು ಮಂಕರಿ ಹೊತ್ತರು. ಸಾಹೇಬರು ಜೀಪಿನಲ್ಲಿ ಬಂದು ನೋಡಿ, ತಾಲ್ಲೂಕಿಗೇ ಮಾದರಿ ಎಂದು ಹೊಗಳಿ ಹೋದರು. ಇವರ ಬೆಣ್ಣೆ ಮಾತಿನ ಕಥೆ ಹುಟ್ಟಿದ್ದು ಅಲ್ಲಿಂದ.

ಇವರಿಗೆ ಊರವರ ನಂಬಿಕೆ ಗೊತ್ತಾದದ್ದು ಬದು ಮುಗಿಯುವ ಹೊತ್ತಿಗೆ. ಬೀರಪ್ಪನೇ ಕೇಳಿದ: “ಸಾಮಿ, ನಂ ಒಲ್ದಾಗೆ ಜಾಸ್ತಿನಾ, ನಾರಾಣಪ್ಪನ್ ಒಲ್ದಾಗಾ? ಕಿವಿಯಾಗ್ ಯೋಳಿ, ಯಾರ್ಗೂ ಬಾಯ್ ಬುಡಾಕಿಲ್ಲ.” ಇವರ ಮುಖ ಬಿಳಿಚಿಕೊಂಡಿತು. ಮಾರನೆಯ ದಿನವೇ ಊರವರನ್ನು ಸೇರಿಸಿ ನಿಜ ಹೇಳುವುದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಮಾತಾಡಿಕೊಂಡೆವು ಅಂದರೆ ನಾನು ಮಾತಾಡಿದೆ, ಅವರು ಹೂಂಗುಟ್ಟಿದರು.

ಮಾರನೆಯ ದಿನ ಊರಿಗೆ ಹೋಗುವ ದಾರಿಯಲ್ಲಿ ಲಚ್ಚಮ್ಮ ಕಾದು ನಿಂತಿದ್ದಳು. ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಗಂಡ ಹಿಂದಿನ ವರ್ಷ ತೀರಿಕೊಂಡಿದ್ದ. ಇಪ್ಪತ್ತರ ಆಸುಪಾಸಿನ ಒಬ್ಬನೇ ಮಗ ಸೊಣ್ಣಪ್ಪ. ಇಳಿಜಾರಿನ ನಡುವಿನ ಎರಡು ಎಕರೆ ಅವರದ್ದು.

“ಸಾಮಿ, ಒಂದ್ ಮಾತು” ಅಂದಳು. “ಬಂಗಾರ ಐತೆ ಅಂತ ನೀವ್ ಯೋಳಾದ್ ಬೇಡ. ಸುಳ್ಳಾಡ್ಸಾಕೆ ನಾನ್ ಬಂದಿಲ್ಲ. ಆದ್ರೆ ಇಲ್ಲ ಅಂತ್ಲೂ ಯೋಳ್ಬೇಡಿ. ಗೌರಿ ಅಬ್ಬದ ಗಂಟ ಸುಮ್ಕಿದ್ಬುಡಿ. ಅಷ್ಟೇ.”

“ನಿಮಗೆ ಗೊತ್ತಾ ಇಲ್ಲಿ ಬಂಗಾರ ಇಲ್ಲ ಅಂತ?” ಅಂದರು.

“ಗಣಿಯೋನ್ ಎಂಡ್ರಿಗೆ ಗೊತ್ತಿಲ್ದೆ ಇರ್ತದಾ? ಅದು ಇರಾದು ಪಾತಾಳದ್ ಬಂಡೆಯಾಗೆ. ನೀವ್ ಚೀಲ್ದಾಗೆ ತುಂಬ್ಕೊಂಡೋದ್ರಲ್ಲ, ಅದ್ರಾಗೆ ಸಗಣಿ ಬುಟ್ರೆ ಇನ್ನೇನೈತೆ?”

“ಮತ್ತೆ ಯಾಕಮ್ಮ ಸುಮ್ಮನಿರಬೇಕು?”

ಲಚ್ಚಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ನನ್ ಗಂಡ ಗಣಿ ದೂಳು ಕುಡ್ದು ಕೆಮ್ಮಿ ಕೆಮ್ಮಿ ಓದ ಸಾಮಿ. ಕೊನೆಕೊನೆಗೆ ಮಲಗಾಕಾಗ್ದೆ ಗೋಡೆಗೊರಗಿ ಕೂತೇ ನಿದ್ದೆ ಮಾಡೋನು. ಅವನ್ ಜಾಗಕ್ಕೆ ಮಗನ್ನ ಕರ್ದವ್ರೆ. ಅಬ್ಬದೊಳ್ಗೆ ಓಗಿ ಸೇರ್ಕೋಬೇಕು, ಇಲ್ಲಾಂದ್ರೆ ಮೈದ್ನನ ಮಗನಿಗೆ ಓಯ್ತದೆ. ಬೇಡ ಕಣಪ್ಪಾ ಅಂತ ಕಾಲ್ ಇಡ್ಕೊಂಡೆ. ಕೇಳ್ಲಿಲ್ಲ. ಗಣಿಯೋರು ಲೈನುಮನೆ ಕೊಡ್ತಾರೆ, ಕರೆಂಟ್ ಲೈಟೈತೆ, ರಾಬರ್ಟ್‌ಸನ್‌ಪೇಟೇಲಿ ಸಿನಿಮಾ ಐತೆ ಅಂದ. ಈಗ ಒಲ್ದಾಗೇ ಬಂಗಾರ ಐತೆ, ಇನ್ನೊಬ್ರ ಬಂಗಾರಕ್ಕೆ ನಾನ್ಯಾಕ್ ಕೆಳಗಿಳೀಲಿ ಅಂತ ತಾನೇ ನಿಂತ್ಕೊಂಡವ್ನೆ. ಎತ್ತೋಳು ನಾನು, ನಿಲ್ಸಾಕಾಗ್ಲಿಲ್ಲ. ನಿಮ್ ಬಾವುಟ ನಿಲ್ಸೈತೆ.”

ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಲಚ್ಚಮ್ಮ ಹೋದ ಮೇಲೆ ಕೊಡೆ ಬಗಲಿಗೆ ಸಿಕ್ಕಿಸಿಕೊಂಡು ಊರ ಕಡೆಗೆ ಬೆನ್ನು ಹಾಕಿ ಬಸ್ಸಿನ ರಸ್ತೆಗೆ ನಡೆದರು. ಸಭೆ ನಡೆಯಲಿಲ್ಲ.

ನಾನು ದಾರಿಯುದ್ದಕ್ಕೂ ವಾದಿಸಿದೆ. ಸುಮ್ಮನಿರುವುದೂ ಒಂದು ಹೇಳಿಕೆ. ಕೇಳಿದವರಿಗೆ ಇಲ್ಲ ಅನ್ನದಿದ್ದರೆ ಇದೆ ಅಂದಹಾಗೆ. ಒಂದು ಮನೆಯ ಸಲುವಾಗಿ ಇಡೀ ಊರನ್ನು ಕತ್ತಲಲ್ಲಿ ಇಡುವ ಹಕ್ಕು ನಿಮಗೆ ಯಾರು ಕೊಟ್ಟರು? ಆ ಹುಡುಗನೇನು ಮಗುವಾ, ಅವನ ಬದುಕನ್ನು ಅವನು ಆರಿಸಿಕೊಳ್ಳಬಾರದಾ?

“ಎಲ್ಲ ಸರಿ” ಅಂದರು. ಬಸ್ಸು ಬಂತು. ಹತ್ತಿದೆವು.

ನನ್ನ ಆ ವಾದದಲ್ಲಿ ಇವತ್ತಿಗೂ ಒಂದಕ್ಷರ ಹಿಂತೆಗೆದುಕೊಳ್ಳುವುದಿಲ್ಲ. ಅದು ಮೋಸವೇ. ಆದರೆ ಆ ಮೋಸದ ಬೆಲೆಯನ್ನು ತೆತ್ತವರು ಯಾರು ಎಂಬ ಪ್ರಶ್ನೆ ಆಗ ನನಗೆ ಹೊಳೆದಿರಲಿಲ್ಲ.

ಆಷಾಢ ಬಂತು. ರಾಗಿ ಬಿತ್ತಬೇಕಾದ ಹೊತ್ತಿಗೆ ಊರವರು ಗುಂಡಿ ತೋಡಲು ಶುರುಮಾಡಿದರು. ಮೊದಲು ಒಬ್ಬ, ರಾತ್ರೋರಾತ್ರಿ ನೆರೆಯವನು ತೋಡಿಬಿಟ್ಟಾನೆಂಬ ಭಯಕ್ಕೆ ಇನ್ನೊಬ್ಬ. ಮಣ್ಣಿನ ಕೆಲಸ ಬಲ್ಲವರಿಗೆ ಇದಕ್ಕಿಂತ ದೊಡ್ಡ ಅನಾಹುತ ಇಲ್ಲ. ಮೇಲಿನ ಒಂದು ಗೇಣು ಮಣ್ಣಿನಲ್ಲಿ ತಲೆಮಾರುಗಳ ಸಗಣಿ, ಹೊಂಗೆಸೊಪ್ಪು, ಕುರಿಮಂದೆಯ ಗೊಬ್ಬರ ಎಲ್ಲ ಇರುತ್ತದೆ. ಅದು ಗುಂಡಿಯ ತಳಕ್ಕೆ ಹೋಯಿತು. ಏನೂ ಬೆಳೆಯದ ಬರಡು ಗರಸು, ಕಲ್ಲುಚೂರಿನ ಮಣ್ಣು, ಮೇಲೆ ಬಂತು. ಮಳೆ ಹೊಡೆದಾಗ ಆ ಗರಸು ಪಕ್ಕದ ಒಳ್ಳೆಯ ಹೊಲದ ಮೇಲೂ ಹರಡಿತು.

ಅಗೆಯುವವರು ಊಟಕ್ಕೆ ಹೋದಾಗ ಇವರು ಗುಂಡಿಯ ಪಕ್ಕ ಮಂಡಿಯೂರಿ, ಎರಡೂ ಕೈಯಲ್ಲಿ ಮೇಲ್ಮಣ್ಣನ್ನು ಒಂದು ಕಡೆಗೆ, ಗರಸನ್ನು ಇನ್ನೊಂದು ಕಡೆಗೆ ಬೇರೆ ಮಾಡಿ ಇಡುತ್ತಿದ್ದರು. ಮುಚ್ಚುವಾಗಲಾದರೂ ಒಳ್ಳೆಯದು ಮೇಲೆ ಬರಲಿ ಅಂತ. ಅದನ್ನು ಮರೆಯಿಂದ ನೋಡಿದ ಬೀರಪ್ಪ ಊರೆಲ್ಲ ಸಾರಿದ: “ಬಾವುಟದಯ್ಯ ಬಂಗಾರ ಆರಿಸ್ತಾವ್ನೆ ಕಣ್ರಲಾ! ನನ್ ಕಣ್ಣಾರೆ ಕಂಡೆ!” ಮಾರನೆಯ ದಿನ ಗುಂಡಿಗಳು ಇನ್ನಷ್ಟಾದವು.

“ಈಗಲಾದರೂ ಹೇಳಿ ಸಾರ್” ಅಂದೆ. ಅವರ ಉಗುರುಸಂದಿಯಲ್ಲಿ ಕೆಮ್ಮಣ್ಣು. ತಲೆ ಎತ್ತಲಿಲ್ಲ.

“ಹಬ್ಬ ಇನ್ನೂ ದೂರ ಇದೆ” ಅಂದರು.

ಗೌರಿ ಹಬ್ಬ ಬಂತು. ಜಾಗ ಸೊಣ್ಣಪ್ಪನ ಚಿಕ್ಕಪ್ಪನ ಮಗನಿಗೆ ಹೋಯಿತು. ಗಣೇಶನನ್ನು ಬಿಟ್ಟ ಮಾರನೆಯ ಬೆಳಗ್ಗೆಯೇ ಇವರು ಊರವರನ್ನು ಭಜನೆ ಮನೆಯ ಮುಂದೆ ಸೇರಿಸಿದರು. ಲೋಟ, ನೀರು ಯಾವುದೂ ಇರಲಿಲ್ಲ.

“ಇಲ್ಲಿ ಬಂಗಾರ ಇಲ್ಲ. ನಾನು ಹುಡುಕಿದ್ದು ಅದನ್ನಲ್ಲ. ಗುಂಡಿ ಮುಚ್ಚಿ” ಅಂದರು. ನಾನು ಅವರಿಂದ ಕೇಳಿದ ಅತಿ ಉದ್ದದ ಭಾಷಣ ಅದು.

ಆಮೇಲೆ ನಾರಾಯಣಪ್ಪ ಎದ್ದ. “ಯಾವಾಗಿಂದ ಗೊತ್ತು ಸಾಮಿ ನಿಮ್ಗೆ, ನಾವ್ ಇಂಗ್ ಅಂದ್ಕೊಂಡಿದೀವಿ ಅಂತ?”

“ಬದು ಮುಗಿಯೋ ಹೊತ್ತಿಂದ.”

“ಮತ್ಯಾಕ್ ಬಾಯ್ ಬುಡ್ಲಿಲ್ಲ?”

ಸೊಣ್ಣಪ್ಪ ಜನರನ್ನು ತಳ್ಳಿಕೊಂಡು ಮುಂದೆ ಬಂದ. “ಯಾಕೇಂತ ನಾನ್ ಯೋಳ್ತೀನಿ ಬುಡಣ್ಣ. ನಾವ್ ಬಿಟ್ಟಿ ಬದು ಆಕ್ಲಿ ಅಂತ. ಸಾಹೇಬ್ರ್ ಕೈಲಿ ಶಹಬ್ಬಾಸ್ ಅನ್ನಿಸ್ಕೊಳ್ಳಾಕೆ ನಾಟ್ಕ ಆಡವ್ನೆ. ಏನ್ ಸಾಮಿ, ಔದೋ ಅಲ್ವೋ? ನಿನ್ ಮಾತ್ ನಂಬ್ಕೊಂಡು ನಮ್ಮಪ್ಪನ್ ಜಾಗ ಬುಟ್ಟೆ ನಾನು!”

ಇವರು ಅವನಿಗೆ ಒಂದು ಮಾತೂ ಕೊಟ್ಟಿರಲಿಲ್ಲ. ಲಚ್ಚಮ್ಮ ಜನರ ಹಿಂದೆ, ಕಂಬದ ಪಕ್ಕ ನಿಂತಿದ್ದಳು. ಅವಳ ಕಡೆ ಒಂದು ಸಲ ಕಣ್ಣು ಹೊರಳಿಸಿದ್ದರೆ ಸಾಕಿತ್ತು, ಊರಿಗೆಲ್ಲ ಅರ್ಥವಾಗುತ್ತಿತ್ತು. ಇವರು ಆ ಕಡೆ ನೋಡಲೇ ಇಲ್ಲ. ಸೊಣ್ಣಪ್ಪನನ್ನೇ ನೋಡುತ್ತ, “ಹಾಗೇ ಅನ್ಕೋ” ಅಂದರು.

ಯಾರೋ ಬಾವುಟದ ಗೂಟ ಕಿತ್ತು ಅವರ ಕಾಲ ಬುಡಕ್ಕೆ ಎಸೆದರು. ನಾವು ಊರು ಬಿಟ್ಟೆವು. ಲಚ್ಚಮ್ಮ ಕಂಬ ಬಿಟ್ಟು ಮುಂದೆ ಬರಲಿಲ್ಲ.

ಊರವರು ತಾಲ್ಲೂಕಿಗೆ ದೂರು ಕೊಟ್ಟರು. ಸಾಹೇಬರು ಇವರನ್ನು ಕರೆದು ಕೇಳಿದಾಗ “ಹೇಳುವಂಥದ್ದೇನೂ ಇಲ್ಲ” ಅಂದರಂತೆ. ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಆ ಹಳ್ಳಿಯಿಂದ ಅವರನ್ನು ತೆಗೆದು ಬೇರೆ ಕಡೆ ಹಾಕಿದರು. ಆದರೂ ಭಾನುವಾರ ಅವರು ಅಲ್ಲಿಗೇ ಹೋಗುತ್ತಿದ್ದರು. ಸಿಟ್ಟಿನಲ್ಲಿ ಕಡಿದು ಹಾಕಿದ್ದ ಬದುಗಳಿಗೆ ತಾವೇ ಮಣ್ಣು ಎಳೆದು, ಹೊಂಗೆ ಬೀಜ ಊರಿ, ಹುಲ್ಲು ನೆಟ್ಟು ಬರುತ್ತಿದ್ದರು. ಬಾವಿಯಲ್ಲಿ ಅವರಿಗೆ ನೀರು ಸೇದಿ ಕೊಡುವವರಿರಲಿಲ್ಲ. ಸೀಸೆಯಲ್ಲಿ ನೀರು ಒಯ್ಯುತ್ತಿದ್ದರು. ಒಂದು ಭಾನುವಾರ ಹಟ ಹಿಡಿದು ನಾನೂ ಹೋದೆ. ಇವರು ನಡುಬಗ್ಗಿಸಿ ಮಣ್ಣು ಎಳೆಯುತ್ತಿದ್ದರು. ಪಕ್ಕದ ಹೊಲದಲ್ಲೇ ಸೊಣ್ಣಪ್ಪ ಕುಂಟೆ ಹೊಡೆಯುತ್ತಿದ್ದ. ಎತ್ತಿನ ಜೊತೆ ಮಾತಾಡಿದ, ಕಾಗೆಯನ್ನು ಬೈದ. ಇವರ ಕಡೆ ತಿರುಗಲಿಲ್ಲ. ಲಚ್ಚಮ್ಮ ಬುತ್ತಿ ತಂದು ಮಗನಿಗೆ ಬಡಿಸಿ, ಇವರ ಮುಂದಿನಿಂದಲೇ ತಲೆ ತಗ್ಗಿಸಿ ಹಾದುಹೋದಳು.

ಆ ಹೊತ್ತಿಗೆ ನನ್ನ ಹತ್ತಿರ ಹೊಸ ವಾದವೊಂದು ಇತ್ತು. ವಾಪಸ್ಸು ಬರುವಾಗ ಮುಂದಿಟ್ಟೆ. “ಒಬ್ಬ ಹುಡುಗನ್ನ ಉಳಿಸಿದ್ರಿ, ಒಪ್ಪಿದೆ. ಆದರೆ ಆ ಜಾಗ ಖಾಲಿ ಇರಲಿಲ್ಲವಲ್ಲ. ಅವನ ಚಿಕ್ಕಪ್ಪನ ಮಗ ಇಳಿದ. ಒಬ್ಬನ ಬದಲು ಇನ್ನೊಬ್ಬ. ತಕ್ಕಡಿ ಎಲ್ಲಿತ್ತೋ ಅಲ್ಲೇ ಇದೆ. ನೀವು ಇಷ್ಟೆಲ್ಲ ಕಳಕೊಂಡು ಸಾಧಿಸಿದ್ದೇನು?”

ಇದಕ್ಕೂ “ಎಲ್ಲ ಸರಿ” ಅನ್ನುತ್ತಾರೆ ಅಂದುಕೊಂಡೆ.

“ಆ ಹುಡುಗನ ತಾಯಿ ನನ್ನ ಹತ್ತಿರ ಬರಲಿಲ್ಲವಲ್ಲಮ್ಮ” ಅಂದರು.

ಇದು ಉತ್ತರವಲ್ಲ. ಯಾವ ತೀರ್ಪುಗಾರರೂ ಇದಕ್ಕೆ ಒಂದು ಅಂಕ ಕೊಡುವುದಿಲ್ಲ. ಆದರೂ ನಾನು ಆ ವಾದವನ್ನು ಮತ್ತೆ ಎತ್ತಲಿಲ್ಲ.

“ನಿಜವನ್ನ ಸೊಣ್ಣಪ್ಪನಿಗೆ ನಾನು ಹೇಳಲಾ?” ಎಂದೂ ಕೇಳಿದೆ. ಥಟ್ಟನೆ ನಿಂತರು. ಅವರು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. “ಬೇಡ. ಅವನು ಯಾರ ಮೇಲಾದರೂ ಸಿಟ್ಟು ಮಾಡಲೇಬೇಕು. ನಾನು ಬಂಗಾರಪೇಟೆಯಲ್ಲಿರೋನು. ಆಕೆ ಅವನ ಜೊತೆ ಅದೇ ಮನೇಲಿ ಉಣ್ಣಬೇಕು.”

ವರ್ಷಗಳು ಹೋದವು. ಹೊಂಗೆ ಎತ್ತರಕ್ಕೆ ಬೆಳೆದು ಬದು ಗಟ್ಟಿಯಾಯಿತು. ಗುಂಡಿಗಳು ಮುಚ್ಚಿದವು. ಕೆಲವು ಹೊಲಗಳಲ್ಲಿ ಗರಸಿನ ಕಲೆ ಈಗಲೂ ಇದೆ, ಅಲ್ಲಿ ರಾಗಿ ಕುಳ್ಳಗೆ ನಿಲ್ಲುತ್ತದೆ. ಊರವರು ಬಂಗಾರದ ವಿಷಯವನ್ನು ನಾಚಿಕೆಯಿಂದ ಮರೆತರು. ಮರೆತ ಜಾಗಕ್ಕೆ ಒಂದು ಕಥೆ ಬೇಕಲ್ಲ, ಬೆಣ್ಣೆ ಮಾತಿನ ಬಾವುಟದಯ್ಯ ಬಂದು ಕೂತ. ಸೊಣ್ಣಪ್ಪ ಮಾತ್ರ ಮರೆಯಲಿಲ್ಲ.

ಇವರು ನಿವೃತ್ತರಾದ ದಿನ ಕಚೇರಿಯಲ್ಲಿ ಹಾರ ಹಾಕಿದರು. ಸಂಜೆ ಎಂದಿನಂತೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದರು, ಹಾರ ಪಕ್ಕದಲ್ಲಿತ್ತು. “ಇನ್ನು ಎಲ್ಲಿಗೆ ಸಾರ್, ಊರಿಗಾ?” ಅಂದೆ. ಮಾರಿಕುಪ್ಪಂ ಕಡೆಯ ಹಳಿಯನ್ನು ತುಸು ಹೊತ್ತು ನೋಡಿದರು. “ಊರು ಅಂದ್ರೆ ಯಾರಾದ್ರೂ ಬಾಗಿಲು ತೆಗೆಯೋರು ಇರಬೇಕು” ಅಂದರು. ಹಾರವನ್ನು ನನ್ನ ಹೂವಿನ ಮುದುಕಿಗೆ ಕೊಟ್ಟುಬಿಟ್ಟರು. ಅವರು ತೀರಿಕೊಂಡದ್ದು ಗಿರಣಿಯವರಿಗೆ ಗೊತ್ತಾದದ್ದು ಮಾರನೆಯ ದಿನವಂತೆ.

ಸಂತಾಪ ಸಭೆಯ ಮುಂದಿನ ಭಾನುವಾರ ನಾನು ಆ ಹಳ್ಳಿಗೆ ಹೋದೆ. ಯಾರಾದರೂ ಹೋಗಿ ಹೇಳಬೇಕಿತ್ತು. ಲಚ್ಚಮ್ಮ ಬದುವಿನ ಮೇಲೆ ಹಸುವಿಗೆ ಹುಲ್ಲು ಕುಯ್ಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಸೊಣ್ಣಪ್ಪ ಹೊಂಗೆ ನೆರಳಲ್ಲಿ ಬೀಡಿ ಹಚ್ಚುತ್ತಿದ್ದ. ಎದೆ ಅಗಲವಾಗಿದೆ, ಉಸಿರು ಸಲೀಸಾಗಿದೆ. ನಾನು ಬೇಕೆಂದೇ ಅದನ್ನು ಗಮನಿಸಿದೆ.

ಸುದ್ದಿ ಹೇಳಿದೆ.

“ಓದ್ನಾ?” ಅಂದ ಸೊಣ್ಣಪ್ಪ. “ಓಗ್ಲಿ ಬುಡಿ ಟೈಪಮ್ಮ. ಅವನ್ ದೆಸೆಯಿಂದ ನಮ್ಮಪ್ಪನ್ ಜಾಗ ಓಯ್ತು. ನಮ್ ಚಿಕ್ಕಪ್ಪನ್ ಮಗ ನೋಡಿ, ಲೈನುಮನೆ ಏನು, ರೇಡಿಯೋ ಏನು. ಇತ್ತೀಚ್ಗೆ ಏನೋ ಕೆಮ್ತಾನೆ, ಬುಡಿ, ಬೀಡಿ ಜಾಸ್ತಿ ಆಗೈತೆ. ನಾನ್ ಇಲ್ಲಿ ಮಣ್ಣ್ ಬಗೀತಾ ಇವ್ನಿ. ಸತ್ತೋನ್ನ ಬೈಬಾರ್ದು ಅಂತಾರೆ. ಇವತ್ತೊಂದಿನ ಬೈಯಲ್ಲ ಬುಡಿ.” ಬೀಡಿ ಬಿಸಾಕಿ ಎತ್ತುಗಳ ಕಡೆ ನಡೆದ.

ಲಚ್ಚಮ್ಮನ ಕುಡುಗೋಲು ನಿಂತಿತ್ತು. ಮಗ ದೂರ ಹೋಗುವವರೆಗೂ ಅವಳು ಅವನ ಬೆನ್ನನ್ನೇ ನೋಡುತ್ತಿದ್ದಳು. ನಾನು ಯಾರ ಗುಟ್ಟನ್ನೂ ಒಡೆಯಲು ಹೋಗಿರಲಿಲ್ಲ. ಅವರು ಬೇಡ ಎಂದ ಮೇಲೆ ಸೊಣ್ಣಪ್ಪನಿಗೆ ನಾನು ಹೇಳುವಂತಿಲ್ಲ. ಆದರೆ ಅವಳನ್ನು ಕೇಳಬಾರದು ಎಂದು ಅವರು ಎಂದೂ ಹೇಳಿರಲಿಲ್ಲ. ಹತ್ತಿರ ಕೂತು, ಮೆಲ್ಲಗೆ, ಅಷ್ಟನ್ನು ಮಾತ್ರ ಕೇಳಿದೆ:

“ಬೈಸಿಕೊಳ್ಳೋಕೆ ಇನ್ನು ಅವರಿಲ್ಲ, ಲಚ್ಚಮ್ಮ. ನಾಳೆಯಿಂದ ನಿಮ್ಮ ಮಗ ಯಾರನ್ನ ಬೈಬೇಕು?”